ಕಾರಿನ ಸಸ್ಪೆನ್ಷನ್ ಸದ್ದು: ಪತ್ತೆ ಮತ್ತು ದುರಸ್ತಿ

ರಸ್ತೆ ಉಬ್ಬು, ಗುಂಡಿ, ಸೇತುವೆಯ ಕೀಲು ಇವುಗಳನ್ನು ದಾಟುವಾಗ ಕಾರಿನ ಅಡಿಯಿಂದ ಕೇಳಿಬರುವ ಬಡಿತ, ಲೊಟಗುಟ್ಟುವಿಕೆ, ಕಿರುಗುಟ್ಟುವಿಕೆಗಳನ್ನು ಒಟ್ಟಾಗಿ ಸಸ್ಪೆನ್ಷನ್ ಸದ್ದು ಎನ್ನುತ್ತಾರೆ. ಸುಸ್ಥಿತಿಯಲ್ಲಿರುವ ಕಾರಿನ ಚಕ್ರವನ್ನು ಮೈಗೆ ಸೇರಿಸುವ ಕೀಲುಗಳಲ್ಲಿ ಒಂದೋ ರಬ್ಬರ್ ಇರುತ್ತದೆ, ಇಲ್ಲವೇ ಗ್ರೀಸು ತುಂಬಿದ ಬಟ್ಟಲಿನಲ್ಲಿ ಬಿಗಿಯಾಗಿ ಕೂತ ಗುಂಡು ಇರುತ್ತದೆ. ಲೋಹಕ್ಕೆ ಲೋಹ ಬಡಿಯಲು ಅಲ್ಲಿ ಜಾಗವೇ ಇಲ್ಲ. ಸದ್ದು ಬಂತೆಂದರೆ ಎಲ್ಲೋ ಸಂದು ಬಿದ್ದಿದೆ, ಯಾವುದೋ ರಬ್ಬರ್ ಹರಿದಿದೆ ಅಥವಾ ನಟ್ಟು ಸಡಿಲಾಗಿದೆ ಎಂದೇ ಅರ್ಥ. ಗ್ಯಾರೇಜಿನವರು ಈ ಸಂದಿಗೆ 'ಪ್ಲೇ' ಎನ್ನುತ್ತಾರೆ. ಒಂದು ಮಿಲಿಮೀಟರಿಗಿಂತ ಕಡಿಮೆ ಪ್ಲೇ ಇದ್ದರೂ ಒಳಗೆ ಕೂತವರಿಗೆ ಕೇಳುವಷ್ಟು ಬಡಿತ ಹುಟ್ಟುತ್ತದೆ.

ಕಷ್ಟವಿರುವುದು ಸದ್ದನ್ನು ಕೇಳುವುದರಲ್ಲಲ್ಲ, ಅದರ ಮೂಲವನ್ನು ಹಿಡಿಯುವುದರಲ್ಲಿ. ಇಂದಿನ ಬಹುಪಾಲು ಕಾರುಗಳಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ಮೈಯೇ ಚಾಸಿ. ತಂಬೂರಿಯ ಬುರುಡೆಯಂತೆ ಅದು ಒಂದು ಮೂಲೆಯ ಸದ್ದನ್ನು ಮೈಯೆಲ್ಲ ಹರಡುತ್ತದೆ. ಎಡಗಡೆಯ ಕೊಂಡಿ ಬಡಿದರೆ ಬಲಗಡೆ ಕೂತ ಚಾಲಕನಿಗೆ ತನ್ನ ಕಾಲಡಿಯಲ್ಲೇ ಕೇಳಿದಂತಾಗುತ್ತದೆ. ಆದ್ದರಿಂದ 'ಎಲ್ಲಿಂದ ಕೇಳುತ್ತದೆ' ಎಂಬ ಪ್ರಶ್ನೆಯ ಉತ್ತರವನ್ನು ಅಷ್ಟಾಗಿ ನಂಬುವಂತಿಲ್ಲ. 'ಕಾರು ಏನು ಮಾಡಿದಾಗ ಕೇಳುತ್ತದೆ' ಎಂಬುದೇ ಸರಿಯಾದ ಪ್ರಶ್ನೆ. ಸಸ್ಪೆನ್ಷನ್ನಿನ ಒಂದೊಂದು ಭಾಗವೂ ಒಂದೊಂದು ಬಗೆಯ ಚಲನೆಗೆ ಮಾತ್ರ ಭಾರ ಹೊರುತ್ತದೆ; ಚಲನೆ ಗೊತ್ತಾದರೆ ಭಾಗವೂ ಗೊತ್ತಾಗುತ್ತದೆ. ಈ ವಿಚಾರಣೆಯನ್ನು ಬಿಟ್ಟು ಮೊದಲು ಲಿಂಕ್ ರಾಡ್, ಆಮೇಲೆ ಬುಷ್, ಆಮೇಲೆ ಶಾಕ್ಸ್ ಎಂದು ಒಂದಾದ ಮೇಲೊಂದು ಬದಲಿಸುತ್ತ ಹೋಗುವ ರೂಢಿಯಿಂದ ಮಾಲೀಕನ ಹಣ ಖರ್ಚಾಗುತ್ತದೆ, ಎಷ್ಟೋ ಸಲ ಸದ್ದು ಹಾಗೆಯೇ ಉಳಿದಿರುತ್ತದೆ.

ರಚನೆ

ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಕಾರಿನ ಮುಂಭಾಗವನ್ನು ತಿರುಚುವ ಉಕ್ಕಿನ ಸರಳುಗಳು ಹೊತ್ತಿದ್ದವು; ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗುಗಳಿದ್ದವು. ಪ್ರೀಮಿಯರ್ ಪದ್ಮಿನಿಗೆ ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಲೀಫ್. ಆ ಕಾರುಗಳ ಹಲವು ಕೀಲುಗಳಿಗೆ ಗ್ರೀಸ್ ನಿಪ್ಪಲ್ ಇರುತ್ತಿತ್ತು. ಸರ್ವಿಸಿಗೆ ಬಿಟ್ಟಾಗಲೆಲ್ಲ ಗ್ರೀಸ್ ಗನ್ನಿನಿಂದ ಗ್ರೀಸು ತುಂಬುವುದು ಕಡ್ಡಾಯ. ಲೀಫುಗಳ ನಡುವೆ ತುಕ್ಕು ಹಿಡಿದು ಕಿರುಗುಟ್ಟುವುದು ಆ ಕಾಲದ ಪರಿಚಿತ ದೂರು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮುಂಭಾಗದಲ್ಲಿದ್ದದ್ದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ವ್ಯವಸ್ಥೆ 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ಕಾಣಿಸಿಕೊಂಡ ಮೇಲೆ ಜಗತ್ತಿನ ತುಂಬ ಹರಡಿತು. ಜಾಗ ಕಡಿಮೆ ಸಾಕು, ಬಿಡಿಭಾಗ ಕಡಿಮೆ, ಖರ್ಚೂ ಕಡಿಮೆ. ಇಂದು ಭಾರತದಲ್ಲಿ ಮಾರಾಟವಾಗುವ ಸಣ್ಣ, ಮಧ್ಯಮ ಕಾರುಗಳಲ್ಲಿ ಹೆಚ್ಚಿನವಕ್ಕೆ ಮುಂದೆ ಇದೇ ಸ್ಟ್ರಟ್, ಹಿಂದೆ ಎರಡು ಚಕ್ರಗಳನ್ನು ಜೋಡಿಸುವ ತಿರುಚು ತೊಲೆ. ಈ ಲೇಖನ ಮುಖ್ಯವಾಗಿ ಈ ಜೋಡಣೆಯನ್ನೇ ಕುರಿತದ್ದು.

ಸ್ಟ್ರಟ್ ಎಂದರೆ ಶಾಕ್ ಅಬ್ಸಾರ್ಬರ್ ಮತ್ತು ಅದರ ಸುತ್ತ ಕೂತ ಸುರುಳಿ ಸ್ಪ್ರಿಂಗು, ಎರಡೂ ಸೇರಿದ ಕಂಬ. ಅದರ ತಲೆ ಬಾನೆಟ್ಟಿನ ಒಳಗಿನ ಗೋಪುರಕ್ಕೆ ರಬ್ಬರಿನ ಮೌಂಟ್ ಮತ್ತು ಒಂದು ಬೇರಿಂಗಿನ ಮೂಲಕ ಸೇರುತ್ತದೆ. ಬುಡ ಚಕ್ರದ ಗೆಣ್ಣಿಗೆ ಬಿಗಿದಿರುತ್ತದೆ. ಗೆಣ್ಣಿನ ಕೆಳಗಿನ ಬಾಲ್ ಜಾಯಿಂಟಿನಿಂದ ಹೊರಡುವ ಲೋಯರ್ ಆರ್ಮ್ ಎರಡು ರಬ್ಬರ್ ಬುಷ್‌ಗಳ ಮೂಲಕ ಕಾರಿನ ಮೈಯನ್ನು ಸೇರುತ್ತದೆ. ಎಡ-ಬಲ ಚಕ್ರಗಳ ನಡುವೆ ಅಡ್ಡಲಾಗಿ ಹೋಗುವ ಬಾಗಿದ ಸರಳೇ ಸ್ಟೆಬಿಲೈಸರ್ ಬಾರ್. ಅದರ ಎರಡು ತುದಿಗಳನ್ನು ಸ್ಟ್ರಟ್ಟಿಗೋ ಆರ್ಮಿಗೋ ಕೂಡಿಸುವ ಗೇಣುದ್ದದ ಕೊಂಡಿಯೇ ಲಿಂಕ್ ರಾಡ್. ತಿರುವಿನಲ್ಲಿ ಕಾರು ಓಲದಂತೆ ತಡೆಯುವುದು ಈ ಸರಳಿನ ಕೆಲಸ.

ಸ್ಪ್ರಿಂಗಿಗೂ ಶಾಕ್ಸಿಗೂ ಜನ ಗೊಂದಲ ಮಾಡಿಕೊಳ್ಳುವುದುಂಟು. ಭಾರ ಹೊರುವುದು ಸ್ಪ್ರಿಂಗು. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಒಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನುಗ್ಗಿಸಿ, ಕುಪ್ಪಳಿಸುವ ಶಕ್ತಿಯನ್ನು ಬಿಸಿಯಾಗಿ ಮಾರ್ಪಡಿಸಿ ಓಲಾಟವನ್ನು ನಿಲ್ಲಿಸುತ್ತದೆ. ಕಾರಿನ ಮೈ ತಾನಾಗಿ ಓಲುವ ವೇಗ ಸೆಕೆಂಡಿಗೆ ಒಂದರಿಂದ ಒಂದೂವರೆ ಬಾರಿ. ಚಕ್ರ ಕುಪ್ಪಳಿಸುವ ವೇಗ ಸೆಕೆಂಡಿಗೆ 10ರಿಂದ 15 ಬಾರಿ. ಶಾಕ್ಸ್ ಎರಡನ್ನೂ ಅಂಕೆಯಲ್ಲಿಡಬೇಕು. ಅದರ ಶಕ್ತಿ ಕುಂದಿದರೆ ಕಾರು ಉಬ್ಬಿನ ನಂತರವೂ ತೊಟ್ಟಿಲಿನಂತೆ ತೂಗುತ್ತದೆ, ಆದರೆ ಸದ್ದು ಬಂದೇ ಬರಬೇಕೆಂದಿಲ್ಲ. ಸದ್ದು ಬಂದಾಗ ಮೊದಲ ಆರೋಪ ಶಾಕ್ಸಿನ ಮೇಲೆ ಬೀಳುವುದು ಸಾಮಾನ್ಯ; ಅಪರಾಧ ಸಾಮಾನ್ಯವಾಗಿ ಅದರ ಸುತ್ತಲಿನ ಚಿಕ್ಕ ರಬ್ಬರುಗಳದ್ದು.

ಸದ್ದಿನ ಬಗೆಗಳು

ಸದ್ದನ್ನು ಬಣ್ಣಿಸಲು ಕನ್ನಡದಲ್ಲಿ ಅನುಕರಣ ಪದಗಳ ಬಡತನವಿಲ್ಲ, ಮತ್ತು ಇಲ್ಲಿ ಅವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಹಾಳಾದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಹಗುರವಾಗಿ, ಬೇಗಬೇಗ 'ಕಟಕಟ' ಎಂದರೆ ಲಿಂಕ್ ರಾಡಿನ ಪುಟ್ಟ ಬಾಲ್ ಜಾಯಿಂಟ್ ಸವೆದಿರುವ ಸಂಭವ ಹೆಚ್ಚು. ಒಂದೇ ಒಂದು ಭಾರವಾದ 'ಧಡ್', ಅದೂ ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಮತ್ತು ಬ್ರೇಕ್ ಹಾಕಿದಾಗ, ಲೋಯರ್ ಆರ್ಮಿನ ಬುಷ್ ಹರಿದುದರ ಗುರುತು. 'ಕಿರ್ರ್' ಎಂದು ಹಳೆಯ ಬಾಗಿಲಿನಂತೆ ಕೂಗಿದರೆ ಒಣಗಿದ ರಬ್ಬರು. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಮೀಟಿದ ತಂತಿಯಂತೆ 'ಟಂಗ್' ಎಂದರೆ ಸ್ಟ್ರಟ್ ತಲೆಯ ಬೇರಿಂಗ್ ಹಿಡಿದುಕೊಂಡಿದೆ. ಸ್ಪ್ರಿಂಗು ಸರಾಗವಾಗಿ ತಿರುಗುವ ಬದಲು ಸುತ್ತಿಕೊಂಡು ಒಮ್ಮೆಲೇ ಬಿಡಿಸಿಕೊಳ್ಳುತ್ತಿದೆ. ಜನ ತುಂಬಿದ ಕಾರು ದೊಡ್ಡ ಉಬ್ಬಿನಿಂದ ಇಳಿಯುವಾಗ ಮೈ ನಡುಗಿಸುವ ಗುದ್ದು ಬಂದರೆ ಸ್ಟ್ರಟ್ಟಿನ ಒಳಗಿನ ಬಂಪ್ ಸ್ಟಾಪ್ (ಸ್ಟ್ರಟ್ ಪೂರ್ತಿ ಕುಗ್ಗದಂತೆ ತಡೆಯುವ ಮೆತ್ತೆ) ಪುಡಿಯಾಗಿರಬಹುದು, ಇಲ್ಲವೇ ಸ್ಪ್ರಿಂಗು ಜಗ್ಗಿರಬಹುದು.

ಪದಗಳು ದಿಕ್ಕು ತೋರಿಸುತ್ತವೆ, ಅಷ್ಟೇ. ಒಬ್ಬರ 'ಕಟಕಟ' ಇನ್ನೊಬ್ಬರಿಗೆ 'ಟಕಟಕ'ವಾಗಿ ಕೇಳುತ್ತದೆ. ತೀರ್ಮಾನಕ್ಕೆ ರಸ್ತೆಯ ಪರೀಕ್ಷೆಯೇ ಬೇಕು.

ರಸ್ತೆಯ ಪರೀಕ್ಷೆ

ಹೊರಡುವ ಮುಂಚೆ ಮೂರು ಕೆಲಸ. ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ನೋಡಬೇಕು. ಪಂಕ್ಚರ್ ಹಾಕಿಸಿದ ಅಥವಾ ಟೈರ್ ಬದಲಿಸಿದ ಮರುದಿನ ಶುರುವಾದ ಸದ್ದಿಗೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ, ಏಕೆಂದರೆ ಇದು ಪ್ರಾಣಕ್ಕೆ ಸಂಬಂಧಿಸಿದ್ದು. ಟೈರಿನ ಗಾಳಿಯನ್ನೂ ಅಳೆಯಬೇಕು. ಹೇಳಿದ್ದಕ್ಕಿಂತ ಹೆಚ್ಚು ಗಾಳಿ ತುಂಬಿದ ಟೈರು ಪ್ರತಿ ಕಲ್ಲನ್ನೂ ಗುದ್ದಾಗಿ ಒಳಗೆ ದಾಟಿಸುತ್ತದೆ. ಆಮೇಲೆ ಡಿಕ್ಕಿಯನ್ನು ಪೂರ್ತಿ ಬರಿದು ಮಾಡಿ ಜಾಕು, ಪಾನಾ, ಸ್ಟೆಪ್ನಿ, ನೀರಿನ ಬಾಟಲಿ ಎಲ್ಲವನ್ನೂ ಕೆಳಗಿಳಿಸಬೇಕು. ಹಿಂದಿನ ಸೀಟಿನ ಚಿಲಕ, ಡಿಕ್ಕಿಯ ಮೇಲಿನ ಹಲಗೆ, ತಗಡಿಗೆ ತಾಗುವ ಸೀಟ್ ಬೆಲ್ಟಿನ ಕೊಕ್ಕೆ ಇವೆಲ್ಲ ಹಿಂದಿನ ಶಾಕ್ಸಿನಂತೆಯೇ ಸದ್ದು ಮಾಡಬಲ್ಲವು.

ಉಬ್ಬಿನ ಆಕಾರವನ್ನೂ ಗಮನಿಸಬೇಕು. ಭಾರತೀಯ ರಸ್ತೆ ಕಾಂಗ್ರೆಸ್ 1988ರ ತನ್ನ ಮಾರ್ಗಸೂಚಿಯಲ್ಲಿ ಹೇಳಿರುವ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ್ದು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ತಕ್ಕದ್ದು. ಸಣ್ಣ ಕಾರಿನ ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 2.4 ಮೀಟರ್, ಅಂದರೆ ಇಡೀ ಕಾರು ಈ ಉಬ್ಬಿನ ಮೇಲೆ ನಿಲ್ಲಬಲ್ಲದು. ನಮ್ಮ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಡಾಂಬರು ಸುರಿದು ಮಾಡಿದ ಮೊಳದಗಲದ ದಿಬ್ಬ ಇದಲ್ಲ. ಅಗಲವಾದ ಉಬ್ಬು ಚಕ್ರವನ್ನು ನಿಧಾನವಾಗಿ ಮೇಲೆತ್ತಿ ಸ್ಪ್ರಿಂಗು, ಮೌಂಟು, ಬಂಪ್ ಸ್ಟಾಪುಗಳನ್ನು ದುಡಿಸುತ್ತದೆ. ಕಿರಿದಾದ ದಿಬ್ಬ ಮತ್ತು ಗುಂಡಿಯ ಅಂಚು ಚಕ್ರವನ್ನು ಹಿಂದಕ್ಕೆ ಗುದ್ದಿ ಲೋಯರ್ ಆರ್ಮಿನ ಬುಷ್‌ಗಳನ್ನು ಪರೀಕ್ಷಿಸುತ್ತದೆ.

ಒಳ್ಳೆಯ ಉಬ್ಬೊಂದು ಸಿಕ್ಕರೆ ಅದನ್ನು ಎರಡು ರೀತಿ ದಾಟಬೇಕು. ಮೊದಲು ನೇರವಾಗಿ, ಎರಡು ಮುಂಚಕ್ರಗಳೂ ಒಟ್ಟಿಗೆ ಏರುವಂತೆ. ಆಗ ಸ್ಟೆಬಿಲೈಸರ್ ಸರಳು ತನ್ನ ಬುಷ್‌ಗಳಲ್ಲಿ ಸುಮ್ಮನೆ ತಿರುಗುತ್ತದೆ. ಲಿಂಕ್ ರಾಡಿನ ಮೇಲೆ ಹೆಚ್ಚು ಎಳೆತ ಬೀಳುವುದಿಲ್ಲ. ಆಮೇಲೆ ಓರೆಯಾಗಿ, ಒಂದು ಚಕ್ರ ಮುಂಚೆ ಏರಿ ಇನ್ನೊಂದು ತಡವಾಗಿ ಏರುವಂತೆ. ಆಗ ಸರಳು ತಿರುಚಿಕೊಂಡು ಎರಡೂ ಲಿಂಕ್ ರಾಡುಗಳನ್ನು ಎಳೆಯುತ್ತದೆ. ನೇರ ದಾಟಿದಾಗ ಮೌನ, ಓರೆ ದಾಟಿದಾಗ ಸದ್ದು ಎಂದಾದರೆ ಲಿಂಕ್ ರಾಡ್ ಅಥವಾ ಸ್ಟೆಬಿಲೈಸರ್ ಬುಷ್ ಮೇಲೆ ಬಲವಾದ ಅನುಮಾನ. ಹಣ ಖರ್ಚಿಲ್ಲದ ಪರೀಕ್ಷೆಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ. ಖಚಿತಪಡಿಸಿಕೊಳ್ಳಲು ಎರಡೂ ಲಿಂಕ್ ರಾಡುಗಳನ್ನು ಬಿಚ್ಚಿ, ಸರಳಿನ ತುದಿಗಳು ಎಲ್ಲೂ ತಾಗದಂತೆ ಕಟ್ಟಿ, ಅದೇ ಜಾಗದಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ ನೋಡಬಹುದು. ಹಾಗೆ ಬಿಚ್ಚಿದ ಕಾರು ತಿರುವಿನಲ್ಲಿ ಹೆಚ್ಚು ಓಲುವುದರಿಂದ ಇದು ಪರೀಕ್ಷೆಗೆ ಮಾತ್ರ, ಮನೆಗೆ ಹೋಗುವುದಕ್ಕಲ್ಲ.

ಮುಂದಿನದು ಬ್ರೇಕ್. ಲೊಟಗುಟ್ಟುವ ರಸ್ತೆಯಲ್ಲಿ ಹೋಗುತ್ತಲೇ ಬ್ರೇಕ್ ಪೆಡಲನ್ನು ತುಸುವೇ ಒತ್ತಬೇಕು. ಸದ್ದು ತಟ್ಟನೆ ನಿಂತರೆ ಅದು ಸಸ್ಪೆನ್ಷನ್ನಿನದೇ ಅಲ್ಲ. ಕ್ಯಾಲಿಪರಿನಲ್ಲಿ ಬ್ರೇಕ್ ಪ್ಯಾಡ್ ಅಲ್ಲಾಡುತ್ತಿದೆ, ಕ್ಲಿಪ್ ಬಿದ್ದಿದೆ ಅಥವಾ ಗೈಡ್ ಪಿನ್ ಸವೆದಿದೆ. ಪ್ಯಾಡ್ ಬದಲಿಸುವಾಗ ಹಳೆಯ ಕ್ಲಿಪ್ಪನ್ನು ಮತ್ತೆ ಹಾಕದೆ ಬಿಟ್ಟರೆ ಹೀಗಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಖಾಲಿ ಮೈದಾನದಲ್ಲಿ ನಿಧಾನವಾಗಿ ಮುಂದೆ ಹೋಗಿ ಬ್ರೇಕ್ ಹಾಕಿದಾಗ ಒಂದು 'ಧಡ್', ಹಿಂದೆ ಬಂದು ಬ್ರೇಕ್ ಹಾಕಿದಾಗ ಇನ್ನೊಂದು 'ಧಡ್' ಕೇಳಿದರೆ ಲೋಯರ್ ಆರ್ಮ್ ತನ್ನ ಬುಷ್ಷಿನೊಳಗೆ ಹಿಂದೆ ಮುಂದೆ ಜಾರುತ್ತಿದೆ, ಇಲ್ಲವೇ ಎಂಜಿನ್ ಮೌಂಟ್ ಹರಿದಿದೆ. ಎರಡನ್ನೂ ಬೇರ್ಪಡಿಸಲು ಉಬ್ಬನ್ನು ನ್ಯೂಟ್ರಲ್ಲಿನಲ್ಲಿ ದಾಟಿ ನೋಡಬಹುದು. ಗೇರಿನಲ್ಲಿದ್ದಾಗ, ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಮಾತ್ರ ಬರುವ ಸದ್ದು ಎಂಜಿನ್ ಕಡೆಯದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಎಳೆಯುವಾಗ ಬರುವ 'ಟಕ್ ಟಕ್' ಡ್ರೈವ್ ಶಾಫ್ಟಿನ ಜಾಯಿಂಟಿನದು. ಅದಕ್ಕೆ ಉಬ್ಬು ಬೇಕಾಗಿಯೇ ಇಲ್ಲ.

ಸಣ್ಣ ಕಲ್ಲುಗಳ ರಸ್ತೆಯಲ್ಲಿ ಸದ್ದಿನ ಜೊತೆಗೆ ಸ್ಟೀರಿಂಗ್ ಹಿಡಿದ ಅಂಗೈಗೂ ಬಡಿತ ತಟ್ಟಿದರೆ ಸ್ಟೀರಿಂಗ್ ರ‍್ಯಾಕ್, ರ‍್ಯಾಕ್ ಎಂಡ್ ಅಥವಾ ಟೈ ರಾಡ್ ಎಂಡಿನ ಕಡೆ, ಅಂದರೆ ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಕೀಲುಗಳ ಕಡೆ ತಿರುಗಬೇಕು. ಕಾರು ನಿಂತಿದ್ದಾಗ ಸ್ಟೀರಿಂಗನ್ನು ಒಂದೆರಡು ಇಂಚು ಎಡಕ್ಕೂ ಬಲಕ್ಕೂ ಬೇಗಬೇಗ ಅಲ್ಲಾಡಿಸಿದರೂ ಅದೇ ಸದ್ದು ಮರುಕಳಿಸುತ್ತದೆ.

ಸಂಜೆಯ ಹೊತ್ತು, ವಾಹನಗಳಿಲ್ಲದ ರಸ್ತೆಯಲ್ಲಿ, ಒಂದು ಬದಿಗೆ ಕಾಂಪೌಂಡ್ ಗೋಡೆ ಇರುವ ಕಡೆ ಕಿಟಕಿ ಇಳಿಸಿ ಓಡಿಸಿದರೆ ಸದ್ದು ಗೋಡೆಗೆ ಬಡಿದು ಕಿವಿಗೆ ಮರಳುತ್ತದೆ. ಅದೇ ರಸ್ತೆಯಲ್ಲಿ ಹಿಂದಿರುಗಿ ಬಂದು ಇನ್ನೊಂದು ಬದಿಯನ್ನೂ ಕೇಳಬೇಕು. ಹಿಂದಿನ ಸೀಟಿನಲ್ಲಿ ಇನ್ನೊಬ್ಬರು ಕೂತಿದ್ದರೆ ಮುಂದಿನದೋ ಹಿಂದಿನದೋ ಎಂಬುದಾದರೂ ಇತ್ಯರ್ಥವಾಗುತ್ತದೆ.

ಜಾಕಿನ ಮೇಲೆ

ಅನುಮಾನ ಒಂದೆರಡು ಭಾಗಗಳಿಗೆ ಇಳಿದ ಮೇಲೆಯೇ ಚಕ್ರವನ್ನು ಎತ್ತಬೇಕು. ಕಾರಿನ ಜೊತೆ ಬರುವ ಜಾಕು ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನ ಅಡಿಗೆ ಯಾರೂ ತಲೆ ಹಾಕಬಾರದು. ಗಟ್ಟಿ ನೆಲ, ಸ್ಟ್ಯಾಂಡುಗಳು, ಉಳಿದ ಚಕ್ರಗಳಿಗೆ ಅಡ್ಡಕಲ್ಲು ಇವು ಬೇಕೇ ಬೇಕು.

ಚಕ್ರವನ್ನು ಗಡಿಯಾರದ ಮುಖವೆಂದುಕೊಂಡರೆ, 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಪ್ಲೇ ಸಿಕ್ಕರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್; 12 ಮತ್ತು 6ರಲ್ಲಿ ಸಿಕ್ಕರೆ ಬಾಲ್ ಜಾಯಿಂಟ್; ಎರಡರಲ್ಲೂ ಸಿಕ್ಕರೆ ಚಕ್ರದ ಬೇರಿಂಗ್. ಮ್ಯಾಕ್‌ಫರ್ಸನ್ ಸ್ಟ್ರಟ್ಟಿನಲ್ಲಿ ಕಾರಿನ ಭಾರ ಕೆಳಗಿನ ಬಾಲ್ ಜಾಯಿಂಟಿನ ಮೇಲೆ ಕೂರುವುದಿಲ್ಲ, ಹಾಗಾಗಿ ಚಕ್ರ ನೇತಾಡುವಾಗಲೇ ಪರೀಕ್ಷಿಸಬಹುದು. ಸ್ಪ್ರಿಂಗು ಕೆಳಗಿನ ಆರ್ಮಿನ ಮೇಲೆ ಕೂತಿರುವ ಜೀಪು ಮಾದರಿಯ ಕೆಲವು ವಾಹನಗಳಲ್ಲಿ ಹೀಗೆ ಮಾಡಿದರೆ ಸವೆದ ಜಾಯಿಂಟೂ ಬಿಗಿಯಾಗಿಯೇ ಕಾಣುತ್ತದೆ. ಅಲ್ಲಿ ಆರ್ಮಿನ ಅಡಿಗೇ ಜಾಕು ಕೊಟ್ಟು ಭಾರ ತೆಗೆದು ನೋಡಬೇಕು. ಬಾಲ್ ಜಾಯಿಂಟಿನಲ್ಲಿ ಪ್ಲೇ ಕಂಡರೆ ಕಾರನ್ನು ಅಲ್ಲಿಯೇ ನಿಲ್ಲಿಸಿ ದುರಸ್ತಿ ಮಾಡಿಸುವುದು ಒಳ್ಳೆಯದು. ಅದು ಕಳಚಿಕೊಂಡರೆ ಚಕ್ರ ಮಗುಚಿ ಬೀಳುತ್ತದೆ; ಇಡೀ ಸಸ್ಪೆನ್ಷನ್ನಿನಲ್ಲಿ ಇಷ್ಟು ಅಪಾಯಕಾರಿ ಸವೆತ ಬೇರೆ ಇಲ್ಲ.

ಲೋಯರ್ ಆರ್ಮಿನ ಬುಷ್ ಮತ್ತು ಮೈ ನಡುವೆ ಉದ್ದನೆಯ ಸಲಾಕೆ ಕೊಟ್ಟು ಮೀಟಿದರೆ ರಬ್ಬರು ಲೋಹದಿಂದ ಬಿಟ್ಟಿದೆಯೇ ಗೊತ್ತಾಗುತ್ತದೆ. ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕುಗಳು ವಯಸ್ಸಿನ ಗುರುತಷ್ಟೇ. ಆಳವಾಗಿ ಸೀಳಿ, ಮೀಟಿದಾಗ ಬಾಯಿ ತೆರೆದರೆ ಬದಲಿಸಬೇಕು. ಕೆಲವು ಬುಷ್‌ಗಳ ಒಳಗೆ ದ್ರವ ತುಂಬಿರುತ್ತದೆ. ಅದು ಸೋರಿ ಕರೆಗಟ್ಟಿದ್ದರೆ ಬುಷ್ ಮುಗಿದಂತೆ. ಲಿಂಕ್ ರಾಡನ್ನು ಚಕ್ರಗಳು ನೆಲದ ಮೇಲಿರುವಾಗಲೇ ಕೈಯಲ್ಲಿ ಹಿಡಿದು ಅಲ್ಲಾಡಿಸಬೇಕು. ನೇತಾಡುವ ಚಕ್ರ ಅದನ್ನು ಎಳೆದು ಹಿಡಿದು ಪ್ಲೇಯನ್ನು ಬಚ್ಚಿಡಬಹುದು. ಸ್ಟ್ರಟ್ ತಲೆಯ ಮೌಂಟನ್ನು ನೋಡಲು ಒಬ್ಬರು ಬಾನೆಟ್ ತೆರೆದು ಗೋಪುರದ ಮೇಲೆ ಅಂಗೈ ಇಟ್ಟುಕೊಂಡರೆ, ಇನ್ನೊಬ್ಬರು ಮಡ್‌ಗಾರ್ಡನ್ನು ಒತ್ತಿ ಬಿಡುವುದು, ಸ್ಟೀರಿಂಗ್ ತಿರುಗಿಸುವುದು. ಕಿವಿ ಮೋಸ ಹೋದಲ್ಲಿ ಅಂಗೈ ಮೋಸ ಹೋಗುವುದಿಲ್ಲ. ಬಡಿತ ನೇರವಾಗಿ ಚರ್ಮಕ್ಕೆ ತಟ್ಟುತ್ತದೆ.

ಶಾಕ್ಸಿನ ಮೈಮೇಲೆ ತೆಳುವಾದ ಎಣ್ಣೆಯ ಪಸೆ ಇದ್ದರೆ ಗಾಬರಿ ಬೇಡ. ಧಾರೆಯಾಗಿ ಇಳಿದು ಧೂಳು ಮೆತ್ತಿಕೊಂಡಿದ್ದರೆ ಸೀಲು ಹೋಗಿದೆ. ಸ್ಪ್ರಿಂಗಿನ ತಳದ ಸುತ್ತು ತುಕ್ಕು ತಿಂದು ಮುರಿಯುವುದುಂಟು. ಕರಾವಳಿಯ ಉಪ್ಪುಗಾಳಿ, ಉದ್ದನೆಯ ಮಳೆಗಾಲ ಇದಕ್ಕೆ ಅನುಕೂಲ. ತುಂಡು ತಟ್ಟೆಯೊಳಗೇ ಕೂತಿರುವುದರಿಂದ ಮೇಲಿನಿಂದ ಕಾಣುವುದಿಲ್ಲ. ಎರಡೂ ಬದಿಯಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದು ಅಳೆದರೆ ವ್ಯತ್ಯಾಸ ಹೊರಬೀಳುತ್ತದೆ.

ಕಿರುಗುಟ್ಟುವಿಕೆಗೆ ಒಂದು ಸುಲಭ ಉಪಾಯವಿದೆ. ಅನುಮಾನದ ಬುಷ್‌ಗಳ ಮೇಲೆ ಒಂದೊಂದಾಗಿ ನೀರು ಸಿಂಪಡಿಸಿ ಕಾರನ್ನು ಒತ್ತಿ ನೋಡುವುದು. ಯಾವುದು ಒದ್ದೆಯಾದಾಗ ಸದ್ದು ಅಡಗುತ್ತದೋ ಅದೇ ಮೂಲ. ವಾಟರ್ ಸರ್ವಿಸಿನಲ್ಲಿ ಕಾರಿನ ಅಡಿಗೆ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಸಿಂಪಡಿಸುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಎರಡು ದಿನ ಸದ್ದು ನಿಲ್ಲುತ್ತದೆ ನಿಜ, ಆದರೆ ಪೆಟ್ರೋಲಿಯಂ ಎಣ್ಣೆಯಲ್ಲಿ ನೆನೆದ ರಬ್ಬರು ಊದಿ, ಮೆತ್ತಗಾಗಿ, ಬೇಗ ಹರಿಯುತ್ತದೆ. ಜಾರುವ ಬುಷ್‌ಗಳಿಗೆ ಬೇಕಾದದ್ದು ಸಿಲಿಕೋನ್ ಗ್ರೀಸು.

ದುರಸ್ತಿ

ಭಾಗ ಗೊತ್ತಾದ ಮೇಲೆ ಬದಲಿಸುವುದು ಹೆಚ್ಚಿನ ಮೆಕ್ಯಾನಿಕ್‌ಗಳಿಗೆ ನೀರು ಕುಡಿದಷ್ಟು ಸುಲಭ. ಆದರೂ ಹೊಸ ಭಾಗ ಹಾಕಿದ ಕೆಲವೇ ತಿಂಗಳಲ್ಲಿ ಸದ್ದು ಮರಳುವುದಕ್ಕೆ ಬಹುತೇಕ ಒಂದೇ ಕಾರಣವಿದೆ, ಅದನ್ನು ವಿವರವಾಗಿ ಹೇಳಬೇಕು. ಲೋಯರ್ ಆರ್ಮಿನ ಬುಷ್‌ನಲ್ಲಿ ಹೊರಗಿನ ಬಳೆ, ಒಳಗಿನ ಕೊಳವೆ, ಇವೆರಡಕ್ಕೂ ಅಂಟಿಸಿದ ರಬ್ಬರು ಇರುತ್ತವೆ. ಬೋಲ್ಟು ಬಿಗಿದಾಗ ಒಳಗಿನ ಕೊಳವೆ ಮೈಗೆ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆರ್ಮ್ ತೂಗುವುದೆಲ್ಲ ರಬ್ಬರು ತಿರುಚಿಕೊಳ್ಳುವುದರಿಂದಲೇ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಬೋಲ್ಟನ್ನು ಕೊನೆಯ ಬಿಗಿ ಬಿಗಿದರೆ ರಬ್ಬರಿನ ವಿಶ್ರಾಂತಿಯ ಸ್ಥಾನ ಅದೇ ಆಗಿಬಿಡುತ್ತದೆ. ಕಾರನ್ನು ಇಳಿಸಿದ ಕೂಡಲೇ ಅದು ತಿರುಚಿಕೊಳ್ಳುತ್ತದೆ, ಮನೆಯ ಮುಂದೆ ನಿಂತಿರುವಾಗಲೂ ತಿರುಚಿಕೊಂಡೇ ಇರುತ್ತದೆ. ಹೀಗಾದ ಬುಷ್ ಆಯುಸ್ಸು ತುಂಬುವ ಮೊದಲೇ ಸೀಳುತ್ತದೆ. ಸರಿಯಾದ ಕ್ರಮವೆಂದರೆ ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಕಾರು ತನ್ನ ಚಕ್ರಗಳ ಮೇಲೆ ನಿಂತ ಎತ್ತರಕ್ಕೆ ತಂದು, ಆಮೇಲೆ ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿಯುವುದು. ಹಿಂದಿನ ತೊಲೆಯ ಬುಷ್‌ಗಳಿಗೂ ಇದೇ ನಿಯಮ. ಐದೇ ನಿಮಿಷದ ಈ ಕೆಲಸವನ್ನು ಮಾಡುವಂತೆ ಮಾಲೀಕರು ಕೇಳಿಯೇ ಪಡೆಯಬೇಕು.

ಸ್ಟ್ರಟ್ ಬಿಚ್ಚುವುದು ಮನೆಯ ಅಂಗಳದ ಕೆಲಸವಲ್ಲ. ಸ್ಪ್ರಿಂಗು ಒಳಗೆ ಒತ್ತಿ ಕೂತಿರುತ್ತದೆ. ಕಂಪ್ರೆಸರ್ ಕಟ್ಟದೆ ತಲೆಯ ನಡುವಿನ ನಟ್ಟನ್ನು ಬಿಚ್ಚಿದರೆ ಅದು ಗುಂಡಿನಂತೆ ಹಾರಿ ಜೀವ ತೆಗೆಯಬಲ್ಲದು. ಬಿಚ್ಚಿದ ಮೇಲೆ ಮೌಂಟು, ಬೇರಿಂಗು, ಬಂಪ್ ಸ್ಟಾಪು, ಧೂಳಿನ ಕವಚ ಎಲ್ಲವನ್ನೂ ಒಮ್ಮೆಲೇ ಹೊಸದು ಹಾಕುವುದೇ ಲಾಭ, ಏಕೆಂದರೆ ಕೂಲಿ ಒಂದೇ. ಶಾಕ್ಸ್ ಮತ್ತು ಸ್ಪ್ರಿಂಗುಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇದ್ದರೆ ಕಾರು ಬ್ರೇಕಿನಲ್ಲಿ, ತಿರುವಿನಲ್ಲಿ ಸಮನಾಗಿ ನಡೆದುಕೊಳ್ಳುವುದಿಲ್ಲ. ಹಳೆಯ ಶಾಕ್ಸಿಗೆ ತೂತು ಕೊರೆದು ಎಣ್ಣೆ ತುಂಬಿ ಬೆಸುಗೆ ಹಾಕಿ ಕೊಡುವ ರಿಪೇರಿಯನ್ನು ಒಪ್ಪಿಕೊಳ್ಳಬಾರದು. ಒಳಗಿನ ಗ್ಯಾಸಿನ ಒತ್ತಡ, ಸವೆದ ಕವಾಟಗಳು ಅದರಿಂದ ಮರಳುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಒಂದೇ ಭಾಗ ಹಲವು ಬೆಲೆಗಳಲ್ಲಿ ಸಿಗುತ್ತದೆ. ರಬ್ಬರಿನ ವಿಷಯದಲ್ಲಿ ಅಗ್ಗದ್ದು ದುಬಾರಿಯಾಗುವುದೇ ಹೆಚ್ಚು, ಏಕೆಂದರೆ ಭಾಗಕ್ಕಿಂತ ಅದನ್ನು ಮತ್ತೆ ಬಿಚ್ಚಿ ಹಾಕುವ ಕೂಲಿ ಜಾಸ್ತಿ.

ಒಳಗೆ ನೈಲಾನ್ ಬಳೆ ಇರುವ ಸ್ವಯಂ-ಬಿಗಿ ನಟ್ಟುಗಳನ್ನು ಎರಡನೆಯ ಸಲ ಬಳಸಬಾರದು. ಸ್ಟ್ರಟ್, ಲೋಯರ್ ಆರ್ಮ್, ಟೈ ರಾಡ್ ಎಂಡ್ ಇವುಗಳಲ್ಲಿ ಯಾವುದನ್ನು ಬದಲಿಸಿದರೂ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು, ಇಲ್ಲವಾದರೆ ಟೈರು ಒಂದು ಬದಿ ಸವೆಯುತ್ತದೆ. ಲಿಂಕ್ ರಾಡಿಗೆ ಮಾತ್ರ ಇದರ ಅಗತ್ಯವಿಲ್ಲ.

ಕೆಲಸ ಮುಗಿದ ಮೇಲೆ ಕಾರನ್ನು ಮೊದಲು ಸದ್ದು ಬಂದ ಅದೇ ಉಬ್ಬಿಗೆ, ಅದೇ ವೇಗದಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು ಕರೆದೊಯ್ಯಬೇಕು. ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ. ದೊಡ್ಡ ಬಡಿತ ನಿಂತಾಗ ಅದರ ಹಿಂದೆ ಅಡಗಿದ್ದ ಸಣ್ಣದೊಂದು ಕೇಳಿಸುವುದುಂಟು. ಆಗ ಹಾಕಿದ ಭಾಗವನ್ನು ದೂರದೆ ಪರೀಕ್ಷೆಯನ್ನು ಮೊದಲಿನಿಂದ ಶುರುಮಾಡಬೇಕು.